ನೋಡದೆ ಇಟ್ಟ ರೀಲುಗಳು

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನನ್ನ ಬಳಿ ಆಪ್ತಸಲಹೆಗೆ ಬಂದವರು ಬೆಳಗಾವಿಯ ದಂಪತಿ. ಗಂಡನಿಗೆ ಐವತ್ತರ ಆಸುಪಾಸು, ಸ್ವಂತ ವ್ಯಾಪಾರ. ದೂರು ಹೆಂಡತಿಯದು: "ಮನಿ ತುಂಬ ಹುಳಿ ವಾಸನಿ ರೀ. ಮಗಳ ಫೀಗೆ ಇಟ್ಟ ರೊಕ್ಕಾನೂ ಆ ಡಬ್ಬಿಗೇ ಹೋತು."

ಡಬ್ಬಿ ಅಂದರೆ 16 ಎಂಎಂ ಫಿಲ್ಮ್ ರೀಲು. ಹಾಡು, ಕಥೆ ಇರುವ ಸಿನಿಮಾ ಅಲ್ಲ. 1950-60ರ ದಶಕದ ಪ್ರಯೋಗದ ಕಿರುಚಿತ್ರಗಳು.

ಗಂಡನನ್ನು ಬೇರೆ ಕೂರಿಸಿ, ಇದರಲ್ಲಿ ಏನಿದೆ ಹೇಳಿ ಅಂದೆ. ತಲೆ ತಗ್ಗಿಸಿದ್ದವರು ಒಮ್ಮೆಲೇ ಮಾತಿಗಿಳಿದರು. ಅಮೆರಿಕದ ಸ್ಟ್ಯಾನ್ ಬ್ರಾಕೇಜ್ 1963ರಲ್ಲಿ ಕ್ಯಾಮೆರಾ ಮುಟ್ಟದೆ, ಪತಂಗದ ರೆಕ್ಕೆ, ಎಲೆಗಳನ್ನು ಟೇಪಿಗೆ ಅಂಟಿಸಿಯೇ ‘ಮಾತ್‌ಲೈಟ್’ ಮಾಡಿದ್ದರಂತೆ. ನಮ್ಮಲ್ಲಿ ಥಿಯೇಟರಿನಲ್ಲಿ ಸಿನಿಮಾಕ್ಕೆ ಮೊದಲು ತೋರಿಸುತ್ತಿದ್ದ, ಸರ್ಕಾರದ ಫಿಲ್ಮ್ಸ್ ಡಿವಿಷನ್ ಚಿತ್ರ ಅಂದರೆ ಜನ ಬೀಡಿ ಸೇದೋಕೆ ಎದ್ದು ಹೋಗುತ್ತಿದ್ದರು, ಅಲ್ವಾ? ಅಲ್ಲೇ ಕೂತು ಪ್ರಮೋದ್ ಪತಿ 1968ರಲ್ಲಿ ‘ಎಕ್ಸ್‌ಪ್ಲೋರರ್’ ಮಾಡಿದರು. "ನನ್ನ ಕಡೆ ಇರೋದು ಊರಾಗ ಬ್ಯಾರೆ ಯಾರ ಕಡೆನೂ ಇಲ್ರಿ" ಅನ್ನುವಾಗ ಅವರ ಮುಖ ಅರಳಿತ್ತು.

ಎಷ್ಟು ನೋಡಿದ್ದೀರಿ ಅಂದೆ. ಪ್ರೊಜೆಕ್ಟರ್ ಕೆಟ್ಟು ಕೂತಿದೆಯಂತೆ. ಬಹಳಷ್ಟು ಡಬ್ಬಿ ತೆರೆದೇ ಇಲ್ಲ.

ಚಿತ್ರಗಳ ಮೇಲಿನ ಪ್ರೀತಿ ಸುಳ್ಳಲ್ಲ. ಆದರೆ ದುಡ್ಡು ಹೋಗುತ್ತಿದ್ದದ್ದು, ಸಿಕ್ಕಿತು ಅನ್ನುವ ಆ ಗಳಿಗೆಗೆ. ಅದು ಮುಗಿದರೆ ಮತ್ತೆ ಹುಡುಕಾಟ. ವ್ಯಾಪಾರ ಬಿದ್ದ ಮೇಲೆ ಇದು ಜಾಸ್ತಿಯಾಯಿತು ಅಂತ ಅವರೇ ಹೇಳಿದರು.

ಎಲ್ಲ ಮಾರಿಬಿಡಿ ಅಂತ ನಾನು ಹೇಳಲಿಲ್ಲ. ಹೆಂಡತಿಗೆ ಅದು ಬೇಸರವೇ ಆಯಿತು. ಮೊದಲು ಫೀ ದುಡ್ಡು ಅವರ ಖಾತೆಗೆ ಬರಬೇಕು ಅಂದೆ. ಇದ್ದದ್ದನ್ನು ನೋಡುವ ತನಕ ಹೊಸ ಡಬ್ಬಿ ಬೇಡ. ವಾಸನೆ ಬರೀ ಕಿರಿಕಿರಿಯಲ್ಲ. ಇಂಥ ಹಳೆ ರೀಲಿನ ಅಸಿಟೇಟ್ ಅನ್ನೋ ಪ್ಲಾಸ್ಟಿಕ್ ಸೆಖೆ, ತೇವಕ್ಕೆ ಕೆಡುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ವಿನೆಗರ್‌ನಲ್ಲಿರುವುದೂ ಅದೇ. ಪಕ್ಕದ ರೀಲನ್ನೂ ಕೆಡಿಸುತ್ತದೆ. ಬೆಳಗಾವಿ ಮಳೆಗಾಲದಲ್ಲಂತೂ ಕೇಳೋದೇ ಬೇಡ! ಹುಳಿ ಬಂದವನ್ನು ಬೇರೆ ಇಡಿ, ಮಲಗುವ ಕೋಣೆಯಲ್ಲಿ ಒಂದೂ ಬೇಡ, ಕುಗ್ಗಿದ್ದನ್ನು ಪ್ರೊಜೆಕ್ಟರಿಗೆ ಹಾಕಬೇಡಿ ಅಂದೆ. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಪಟ್ಟಿ ಮಾಡಿ ಅವರನ್ನು ಕೇಳಿ ಅಂತಲೂ ಹೇಳಿದೆ.

ಮುಂದಿನ ಭೇಟಿಗೆ ಮಗಳು ಬರೆದ ಪಟ್ಟಿ ತಂದರು. ಬೇರೆ ಬೇರೆ ವರ್ಷ ಕೊಂಡ ಎರಡು ಡಬ್ಬಿಯಲ್ಲಿ ಒಂದೇ ಚಿತ್ರ! ಹೆಂಡತಿ ನಕ್ಕರು, ಆಮೇಲೆ ಅವರೂ ನಕ್ಕರು. ವ್ಯಾಪಾರದ ಸಾಲದ ಮಾತು ಇನ್ನೂ ಬಾಕಿ ಇದೆ. ಅದಕ್ಕೆ ಇನ್ನೊಮ್ಮೆ ಬನ್ನಿ ಅಂದಿದ್ದೇನೆ.