ನಿಲುಗಡೆಗಳ ನಡುವೆ ಕಾರಿನಲ್ಲಿ ಕ್ಯಾಮೆರಾವನ್ನು ಎಲ್ಲಿಡಬೇಕು, ಹೇಗಿಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಒಂದೇ ದಿನದಲ್ಲಿ ಹತ್ತಾರು ಕಡೆ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತೀರಿ, ಪ್ರತಿ ಸಲವೂ ಲೆನ್ಸ್ ಕಳಚಿ, ಬ್ಯಾಗಿನೊಳಗಿಟ್ಟು, ಡಿಕ್ಕಿ ತೆರೆದು ಮುಚ್ಚಿ, ಹತ್ತು ನಿಮಿಷಕ್ಕೆ ಮತ್ತೆ ಅದನ್ನೆಲ್ಲ ಹೊರತೆಗೆಯುವುದು ಬೇಸರ ತರಿಸಿದೆ, ಹಾಗಾಗಿ ಲೆನ್ಸ್ ಹಾಕಿದ ಕ್ಯಾಮೆರಾವನ್ನು ಪಕ್ಕದ ಸೀಟಿನ ಮೇಲೆಯೇ ಇಟ್ಟುಕೊಂಡರೆ ಆದೀತೇ, ಆಗದಿದ್ದರೆ ಮತ್ತೆಲ್ಲಿಡಬೇಕು ಎಂದು ಕೇಳಿದ್ದೀರಿ. ಸೀಟಿನ ಮೇಲೆ ಖಂಡಿತ ಬೇಡ. ಆದರೆ ಅದಕ್ಕಾಗಿ ಪ್ರತಿ ಸಲ ಲೆನ್ಸ್ ಕಳಚಬೇಕಾಗಿಲ್ಲ, ಡಿಕ್ಕಿಯವರೆಗೆ ನಡೆಯಬೇಕಾಗಿಯೂ ಇಲ್ಲ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡ ಮೇಲೆಯೇ. ಒಮ್ಮೆ ಕೆರೆಯ ದಂಡೆಯಲ್ಲಿ ಕೆಲಸ ಮುಗಿಸಿ, ಮುಂದಿನ ಜಾಗ ಎರಡೇ ಕಿಲೋಮೀಟರ್ ದೂರವಿದೆಯಲ್ಲ ಎಂದುಕೊಂಡು ಕ್ಯಾಮೆರಾವನ್ನು ಪಕ್ಕದ ಸೀಟಿನ ಮೇಲಿಟ್ಟು ಹೊರಟೆ. ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂದಾಗ ಬ್ರೇಕ್ ಒತ್ತಿದೆ. ಆಗ ಕಾರಿನ ವೇಗ ನಲವತ್ತನ್ನೂ ದಾಟಿರಲಿಲ್ಲ. ಕ್ಯಾಮೆರಾ ಸೀಟಿನಿಂದ ಜಾರಿತು, ಲೆನ್ಸಿನ ಮೂತಿ ಡ್ಯಾಶ್‌ಬೋರ್ಡಿನ ಕೆಳ ಅಂಚಿಗೆ ಬಡಿಯಿತು, ಆಮೇಲೆ ಇಡೀ ಕ್ಯಾಮೆರಾ ಕೆಳಕ್ಕೆ ಬಿತ್ತು. ಎತ್ತಿ ನೋಡಿದರೆ ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ಶಟರ್ ಒತ್ತಿದರೆ ಎಂದಿನಂತೆಯೇ ಕೆಲಸ ಮಾಡಿತು. ಬಚಾವಾದೆ ಎಂದುಕೊಂಡು ಆ ದಿನವೆಲ್ಲ ಚಿತ್ರ ತೆಗೆದೆ. ರಾತ್ರಿ ಅವುಗಳನ್ನು ದೊಡ್ಡದು ಮಾಡಿ ನೋಡಿದಾಗ ಪ್ರತಿಯೊಂದು ಚಿತ್ರದಲ್ಲೂ ಬಲಭಾಗ ಚೂಪಾಗಿತ್ತು, ಎಡಭಾಗ ಹಾಲಿನ ಕೆನೆ ಕಟ್ಟಿದಂತೆ ಮಸುಕಾಗಿತ್ತು. ಲೆನ್ಸಿನ ಮೌಂಟ್, ಅಂದರೆ ಲೆನ್ಸು ಕ್ಯಾಮೆರಾಕ್ಕೆ ಕೂಡಿಕೊಳ್ಳುವ ಬಳೆ, ಕಣ್ಣಿಗೆ ಕಾಣದಷ್ಟು ವಾಲಿತ್ತು.

ಹೀಗೇಕಾಗುತ್ತದೆ ಎಂಬುದು ತಿಳಿದರೆ ಮುಂದಿನ ಮಾತುಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಮೌಂಟಿನ ಮುಖದಿಂದ, ಒಳಗೆ ಚಿತ್ರ ಹಿಡಿಯುವ ಸೆನ್ಸರಿನವರೆಗಿನ ದೂರ ಪ್ರತಿ ಕ್ಯಾಮೆರಾ ವ್ಯವಸ್ಥೆಗೂ ನಿಗದಿಯಾಗಿರುತ್ತದೆ. ನಿಕಾನ್ ಝಡ್ ಮೌಂಟಿನಲ್ಲಿ ಅದು 16 ಮಿಲಿಮೀಟರ್, ಸೋನಿ ಇ ಮೌಂಟಿನಲ್ಲಿ 18, ಕೆನಾನ್ ಆರ್‌ಎಫ್ ಮೌಂಟಿನಲ್ಲಿ 20. ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ ಕಾಯ್ದುಕೊಳ್ಳಬೇಕಾದ ದೂರ ಇದು. ಉದ್ದನೆಯ ಲೆನ್ಸಿನ ತುದಿಗೆ ಪೆಟ್ಟು ಬಿದ್ದರೆ ಆ ಲೆನ್ಸ್ ಸನ್ನೆಗೋಲಿನಂತೆ ವರ್ತಿಸಿ, ಪೆಟ್ಟಿನ ಭಾರವನ್ನೆಲ್ಲ ಮೌಂಟಿನ ನಾಲ್ಕಾರು ಚಿಕ್ಕ ಸ್ಕ್ರೂಗಳ ಮೇಲೆ ಹೇರುತ್ತದೆ. ಇದು ಬರೀ ಬ್ರೇಕ್ ಹಾಕಿದಾಗಿನ ಮಾತು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಎಲ್ಲಿಗೋ ಡಿಕ್ಕಿ ಹೊಡೆದು, ಸುಮಾರು 60 ಸೆಂಟಿಮೀಟರ್ ಅಂತರದಲ್ಲಿ ಪೂರ್ತಿ ನಿಂತುಬಿಟ್ಟಿತು ಎಂದು ಲೆಕ್ಕ ಹಾಕಿದರೆ, ಒಳಗಿರುವ ಪ್ರತಿ ವಸ್ತುವಿನ ಮೇಲೂ ಅದರ ತೂಕದ ಸುಮಾರು 16 ಪಟ್ಟು ಬಲ ಬೀಳುತ್ತದೆ. ಎರಡು ಕಿಲೋ ತೂಗುವ ಕ್ಯಾಮೆರಾ ಮತ್ತು ಲೆನ್ಸು ಆಗ 30 ಕಿಲೋಗಿಂತ ಹೆಚ್ಚು ಭಾರದ ವಸ್ತುವಿನಂತೆ ಮುಂದಕ್ಕೆ ನುಗ್ಗುತ್ತವೆ. ಕ್ಯಾಮೆರಾ ಹೋದರೆ ಹೋಗಲಿ, ಅದು ಯಾರ ತಲೆಗೆ ತಗುಲುತ್ತದೆ ಎಂಬುದನ್ನು ಮೊದಲು ಯೋಚಿಸಬೇಕು. ಕಟ್ಟದೆ ಬಿಟ್ಟ ಕ್ಯಾಮೆರಾ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುವ ಸಾಧ್ಯತೆಯೂ ಇದೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದ್ದರಿಂದ ಬೀಳಲು ಇನ್ನು ಕೆಳಗೆ ಜಾಗವೇ ಇಲ್ಲದ ಕಡೆ ಕ್ಯಾಮೆರಾವನ್ನು ಇಡಬೇಕು. ಬಹುತೇಕ ಕಾರುಗಳಲ್ಲಿ ಅಂತಹ ಜಾಗವೆಂದರೆ ಚಾಲಕನ ಪಕ್ಕದ ಸೀಟಿನ ಹಿಂದೆ, ಹಿಂದಿನ ಸಾಲಿನವರು ಕಾಲಿಡುವ ತಗ್ಗು. ಅಲ್ಲಿ ಬ್ಯಾಗನ್ನು ನೆಟ್ಟಗೆ ನಿಲ್ಲಿಸಿ, ಮುಂದಿನ ಸೀಟನ್ನು ಒಂದೆರಡು ಹಲ್ಲು ಹಿಂದಕ್ಕೆ ಸರಿಸಿದರೆ ಬ್ಯಾಗು ಎರಡು ಸೀಟುಗಳ ನಡುವೆ ಬಿಗಿಯಾಗಿ ಕೂರುತ್ತದೆ. ಬ್ರೇಕ್ ಹಾಕಿದರೂ ಮುಂದಕ್ಕೆ ಹೋಗಲಾರದು, ತಿರುವಿನಲ್ಲಿ ವಾಲಲಾರದು. ಈ ಜಾಗ ಎರಡು ಅಚ್ಚುಗಳ ನಡುವೆ ಬರುವುದರಿಂದ, ಹಿಂದಿನ ಗಾಲಿಗಳ ಆಚೆಗಿರುವ ಡಿಕ್ಕಿಗೆ ಹೋಲಿಸಿದರೆ ಹಳ್ಳದಿಣ್ಣೆಗಳ ಎತ್ತಾಟವೂ ಇಲ್ಲಿ ಕಡಿಮೆ. ಕಾರು ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆರೆದರೆ ಕ್ಯಾಮೆರಾ ಕೈಗೇ ಸಿಗುತ್ತದೆ. ಎರಡು ವಿಷಯ ಮಾತ್ರ ಗಮನಿಸಿ: ಅನೇಕ ಕಾರುಗಳಲ್ಲಿ ಮುಂದಿನ ಸೀಟಿನ ಅಡಿಯಿಂದ ಹಿಂದಿನವರ ಕಾಲಿಗೆ ಗಾಳಿ ಬರುವ ಕಿಂಡಿ ಇರುತ್ತದೆ, ಅದರ ಬಿಸಿಗಾಳಿಯಾಗಲಿ ತಂಪುಗಾಳಿಯಾಗಲಿ ನೇರವಾಗಿ ಬ್ಯಾಗಿಗೆ ಬಡಿಯಬಾರದು, ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ನೀರು ಅದೇ ತಗ್ಗಿನಲ್ಲಿ ನಿಲ್ಲುವುದರಿಂದ ಬ್ಯಾಗಿನ ಕೆಳಗೆ ದಪ್ಪ ರಬ್ಬರ್ ಚಾಪೆ ಇರಬೇಕು. ತಗ್ಗು ಕಿರಿದಾಗಿದ್ದರೆ ಬ್ಯಾಗನ್ನು ಹಿಂದಿನ ಸೀಟಿನ ಮೇಲಿಟ್ಟು, ಅದರ ಹಿಡಿಕೆಯೊಳಗಿಂದ ಸೀಟ್ ಬೆಲ್ಟ್ ತೂರಿಸಿ ಬಿಗಿದು ಕಟ್ಟಬಹುದು. ಇದು ಎರಡನೆಯ ಆಯ್ಕೆ.

ನಿಮ್ಮ ಬೇಸರದ ನಿಜವಾದ ಮೂಲ ಬ್ಯಾಗಿನ ಒಳಗಿನ ಜೋಡಣೆಯಲ್ಲಿದೆ ಎಂದು ನನಗನಿಸುತ್ತದೆ. ಹೆಗಲಿಗೆ ಹಾಕುವ ಬ್ಯಾಗುಗಳನ್ನು ಆದಷ್ಟು ಹೆಚ್ಚು ಸಾಮಾನು ಹಿಡಿಯುವಂತೆ ಜೋಡಿಸಿರುತ್ತೇವೆ. ಕಾರಿನ ಪಯಣಕ್ಕೆ ಬೇಕಾದದ್ದು ಬೇರೆ. ಮೇಲಿನಿಂದ ತೆರೆಯುವ ಒಂದು ಬ್ಯಾಗಿನಲ್ಲಿ, ಲೆನ್ಸ್ ಹಾಕಿದ ಕ್ಯಾಮೆರಾ ಹಾಗೆಯೇ ಕೂರುವಷ್ಟು ದೊಡ್ಡ ಒಂದು ಗೂಡನ್ನು ನಡುವೆ ಬಿಡಿ. ಲೆನ್ಸಿನ ಮೂತಿ ಕೆಳಕ್ಕೆ, ಕ್ಯಾಮೆರಾದ ಬೆನ್ನು ಮೇಲಕ್ಕೆ ಇರಲಿ. ಕ್ಯಾಮೆರಾದ ಎರಡೂ ಭುಜಗಳು ಅಕ್ಕಪಕ್ಕದ ಮೆತ್ತನೆಯ ಗೋಡೆಗಳ ಮೇಲೆ ಕೂತಿರಬೇಕು, ಲೆನ್ಸಿನ ತುದಿ ಬ್ಯಾಗಿನ ತಳಕ್ಕೆ ತಾಗಬಾರದು. ತಾಗಿದರೆ ರಸ್ತೆಯ ಪ್ರತಿ ಗುಂಡಿಯ ಪೆಟ್ಟೂ ತಳದಿಂದ ಲೆನ್ಸಿಗೆ, ಲೆನ್ಸಿನಿಂದ ಮೌಂಟಿಗೆ ಏರುತ್ತದೆ. ಒಳಗಿಡುವ ಮುನ್ನ ಕ್ಯಾಮೆರಾ ಆಫ್ ಮಾಡಿ, ಝೂಮನ್ನು ಪೂರ್ತಿ ಒಳಕ್ಕೆ ಸರಿಸಿ, ಲಾಕ್ ಗುಂಡಿ ಇದ್ದರೆ ಅದನ್ನು ಒತ್ತಿ, ಕ್ಯಾಪ್ ಹಾಕಿ. ಇಷ್ಟಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಜಿಪ್ಪನ್ನು ಮಾತ್ರ ಎರಡೇ ನಿಮಿಷದ ದಾರಿಯಾದರೂ ಕೊನೆಯವರೆಗೆ ಎಳೆಯಿರಿ, ಏಕೆಂದರೆ ಅರ್ಧ ತೆರೆದ ಬ್ಯಾಗು ಉರುಳಿದರೆ ಕ್ಯಾಮೆರಾ ಮೊದಲು ಹೊರಬೀಳುತ್ತದೆ.

ಸ್ಟ್ರ್ಯಾಪನ್ನು ಮಡಚಿ ಕ್ಯಾಮೆರಾದ ಬೆನ್ನಿನ ಮೇಲಿಟ್ಟು, ಆಮೇಲೆ ಮುಚ್ಚಳ ಹಾಕಬೇಕು. ಹೊರಗೆ ನೇತಾಡುವ ಸ್ಟ್ರ್ಯಾಪಿನ ಕುಣಿಕೆ ಬಾಗಿಲಿನ ಹಿಡಿಗೋ ಸೀಟಿನ ಸನ್ನೆಗೋ ಸಿಕ್ಕಿಕೊಂಡು, ನೀವು ಅವಸರದಲ್ಲಿ ಬ್ಯಾಗು ಎತ್ತಿದಾಗ ಕ್ಯಾಮೆರಾವನ್ನು ಸೆಳೆದು ನೆಲಕ್ಕೆ ಹಾಕುತ್ತದೆ. ಚಲಿಸುವ ಕಾರಿನಲ್ಲಿ ಆಗುವ ಹಾನಿಯಷ್ಟೇ ಹಾನಿ ನಿಂತ ಕಾರಿನಿಂದ ಇಳಿಯುವಾಗಲೂ ಆಗುವುದನ್ನು ಕಂಡಿದ್ದೇನೆ.

ಇಲ್ಲಿ ಒಂದು ಮಾತು ಸೇರಿಸಬೇಕು, ಏಕೆಂದರೆ ಹೊಸಬರು ಇದರಿಂದ ವಿನಾಕಾರಣ ಹೆದರುತ್ತಾರೆ. ಕ್ಯಾಮೆರಾ ಆಫ್ ಆಗಿರುವಾಗ ಅಲುಗಾಡಿಸಿದರೆ ಒಳಗೆ ಏನೋ ಲೊಟಲೊಟ ಎನ್ನುವುದು ಕೇಳಿಸಬಹುದು. ಅಲುಗಾಟ ತಡೆಯುವ ವ್ಯವಸ್ಥೆಯುಳ್ಳ ಹಲವು ಕ್ಯಾಮೆರಾಗಳಲ್ಲಿ ಸೆನ್ಸರನ್ನು ಹಿಡಿದಿಡುವುದು ವಿದ್ಯುತ್ತು. ವಿದ್ಯುತ್ ಇಲ್ಲದಿದ್ದಾಗ ಅದು ಸ್ವಲ್ಪ ಓಲಾಡುತ್ತದೆ. ಕೆಲವು ಹೊಸ ಲೆನ್ಸುಗಳಲ್ಲಿ ಫೋಕಸ್ ಮಾಡುವ ಗಾಜುಗಳೂ ಹೀಗೆಯೇ ಹಿಂದೆ ಮುಂದೆ ಸರಿಯುತ್ತವೆ. ಇದು ದೋಷವಲ್ಲ. ಆದರೆ ದಿನವಿಡೀ ಕಲ್ಲುದಾರಿಯಲ್ಲಿ ಕುಲುಕಾಡುವುದು ಆ ಭಾಗಗಳಿಗೆ ಒಳ್ಳೆಯದೂ ಅಲ್ಲ. ಕೆಟ್ಟ ರಸ್ತೆ ಎದುರಾದರೆ ಬ್ಯಾಗಿನ ಕೆಳಗೆ ಮಡಚಿದ ಕಂಬಳಿ ಅಥವಾ ಎರಡು ಬೆರಳು ದಪ್ಪದ ಫೋಮ್ ಹಾಳೆ ಹಾಕುತ್ತೇನೆ. ಅಂತಹ ಪಯಣ ಮುಗಿದ ಮೇಲೆ ಟ್ರೈಪಾಡ್ ಪ್ಲೇಟಿನ ಸ್ಕ್ರೂ ಮತ್ತು ಲೆನ್ಸ್ ಕಾಲರಿನ (ಉದ್ದ ಲೆನ್ಸನ್ನು ಟ್ರೈಪಾಡಿಗೆ ಹಿಡಿಸುವ ಬಳೆಯ) ತಿರುಪನ್ನು ಒಮ್ಮೆ ಬಿಗಿ ಮಾಡಿ. ಕಂಪನಕ್ಕೆ ಅವು ಸಡಿಲವಾಗುತ್ತವೆ.

ನಿಮ್ಮಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಟೆಲಿ ಝೂಮ್ ಲೆನ್ಸ್ ಇದೆ ಎಂದಿದ್ದೀರಿ. ಲೆನ್ಸು ಕ್ಯಾಮೆರಾಗಿಂತ ಭಾರವಾಗಿದ್ದರೆ ಮೇಲೆ ಹೇಳಿದ ತೂಗುಜೋಡಣೆ ಅದಕ್ಕೆ ಸಲ್ಲದು. ಅದನ್ನು ಉದ್ದಕ್ಕೆ ಮಲಗಿಸಿ, ಲೆನ್ಸಿನ ಉದ್ದಕ್ಕೂ ಕೆಳಗೆ ಆಸರೆ ಕೊಟ್ಟು, ಕ್ಯಾಮೆರಾದ ಕೆಳಗೂ ಅಷ್ಟೇ ಎತ್ತರಕ್ಕೆ ಮೆತ್ತೆ ಇಟ್ಟು, ಎರಡೂ ಒಂದೇ ಮಟ್ಟದಲ್ಲಿರುವಂತೆ ನೋಡಿಕೊಳ್ಳಬೇಕು. ಎತ್ತುವಾಗ ಕೈ ಲೆನ್ಸಿನ ಕಾಲರಿಗೆ ಹೋಗಲಿ. ದಾರಿ ಅರ್ಧ ಗಂಟೆಗಿಂತ ಹೆಚ್ಚಿದ್ದರೆ ನಾನು ಈ ಲೆನ್ಸನ್ನು ಕಳಚಿಯೇ ಇಡುತ್ತೇನೆ. ಗಾಳಿ, ದೂಳು ಇರುವ ಕಡೆ ಲೆನ್ಸ್ ಬದಲಿಸಲು ಕಾರಿನೊಳಗಿಗಿಂತ ಒಳ್ಳೆಯ ಜಾಗವಿಲ್ಲ. ಆದರೆ ಕಿಟಕಿ ಏರಿಸಿ, ಫ್ಯಾನ್ ಆಫ್ ಮಾಡಿ, ತೇಲುವ ದೂಳು ಕೂರಲು ಒಂದೆರಡು ನಿಮಿಷ ಬಿಟ್ಟು ಬದಲಿಸಿ.

ಬಿಸಿಲಿನ ವಿಷಯಕ್ಕೆ ಬರುತ್ತೇನೆ, ಇದನ್ನು ಯಾರೂ ಸಾಕಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ತಾಪ ಮೊದಲ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಏರುತ್ತದೆ, ಒಂದು ಗಂಟೆಯಲ್ಲಿ 20 ಡಿಗ್ರಿಗೂ ಹೆಚ್ಚು. ಕಿಟಕಿಯನ್ನು ಎರಡು ಬೆರಳು ಇಳಿಸಿಟ್ಟರೆ ಹೇಳಿಕೊಳ್ಳುವಂತಹ ವ್ಯತ್ಯಾಸವಾಗುವುದಿಲ್ಲ. ಹೊರಗೆ 32 ಡಿಗ್ರಿ ಇದ್ದರೆ ಒಳಗೆ 50 ದಾಟಿತೆಂದೇ ಲೆಕ್ಕ. ಬಹುತೇಕ ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಕೆಯ ಮಿತಿ 0ದಿಂದ 40 ಡಿಗ್ರಿ ಎಂದಿರುತ್ತದೆ. ಬಿಸಿಗೆ ಲೆನ್ಸಿನೊಳಗಿನ ಗ್ರೀಸ್ ತೆಳುವಾಗಿ, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರಿನ ಎಲೆಗಳಿಗೆ ಹರಡಬಹುದು, ವಿಶೇಷವಾಗಿ ಹಳೆಯ ಲೆನ್ಸುಗಳಲ್ಲಿ. ಲಿಥಿಯಂ ಬ್ಯಾಟರಿಗಳ ಆಯುಷ್ಯ ಕುಗ್ಗುತ್ತದೆ. ನೆರಳಿನಲ್ಲಿ ನಿಲ್ಲಿಸಿ, ಬ್ಯಾಗಿನ ಮೇಲೆ ತಿಳಿ ಬಣ್ಣದ ಬಟ್ಟೆ ಹೊದಿಸಿ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹೋಗುವುದಾದರೆ ಬ್ಯಾಗನ್ನು ಜೊತೆಗೇ ಒಯ್ಯಿರಿ.

ಇದಕ್ಕೆ ಸೇರಿದ ಇನ್ನೊಂದು ಅಪಾಯವಿದೆ. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾವನ್ನು ಸೀಟಿನ ಮೇಲೋ ಡ್ಯಾಶ್‌ಬೋರ್ಡಿನ ಮೇಲೋ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಆಕಾಶಕ್ಕೆ ಮುಖ ಮಾಡಿರುವಂತೆ ಇಟ್ಟರೆ, ಕಣ್ಣಿಡುವ ಕಡೆಯ ಗಾಜೇ ಭೂತಗನ್ನಡಿಯಂತೆ ಸೂರ್ಯನ ಬೆಳಕನ್ನು ಒಳಗಿನ ಪುಟ್ಟ ಪರದೆಯ ಮೇಲೆ ಒಟ್ಟುಗೂಡಿಸಿ ಸುಡುತ್ತದೆ. ಅದಕ್ಕೆ ಕ್ಯಾಮೆರಾ ಆನ್ ಆಗಿರಬೇಕೆಂದೇನೂ ಇಲ್ಲ. ಆ ಮೇಲೆ ವ್ಯೂಫೈಂಡರಿನಲ್ಲಿ ಕಣ್ಣಿಟ್ಟಾಗಲೆಲ್ಲ ಒಂದು ಹಳದಿ ಕಲೆ ಕಾಣುತ್ತಲೇ ಇರುತ್ತದೆ. ಪರದೆಯನ್ನೇ ಬದಲಿಸದೆ ಅದು ಹೋಗದು. ಮುಚ್ಚಿದ ಬ್ಯಾಗಿನಲ್ಲಿ ಈ ಭಯವಿಲ್ಲ.

ಎಸಿ ಹಾಕಿಕೊಂಡು ಓಡಾಡುವವರಿಗೆ ತೇವದ ಸಮಸ್ಯೆ ಎದುರಾಗುತ್ತದೆ. ಹೊರಗೆ 30 ಡಿಗ್ರಿ ತಾಪ, ಶೇಕಡಾ 80 ತೇವಾಂಶ ಇದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಮಂಜು ಕೂರುತ್ತದೆ. 22 ಡಿಗ್ರಿಯ ಕಾರಿನಿಂದ ಕ್ಯಾಮೆರಾ ಹೊರತೆಗೆದ ಕ್ಷಣವೇ ಲೆನ್ಸು ಕುರುಡಾಗುತ್ತದೆ. ನಿಲ್ಲಿಸುವ ಜಾಗಕ್ಕೆ ಹತ್ತು ಹದಿನೈದು ನಿಮಿಷ ಮೊದಲೇ ಎಸಿ ಆಫ್ ಮಾಡಿ ಕಿಟಕಿ ಇಳಿಸಿ, ಬ್ಯಾಗು ಮುಚ್ಚಿಯೇ ಇರಲಿ. ಮಂಜು ಕೂತರೆ ಒರೆಸಲು ಹೋಗಬೇಡಿ, ಲೆನ್ಸನ್ನಂತೂ ಕಳಚಲೇಬೇಡಿ. ತೇವ ಸೆನ್ಸರಿನವರೆಗೆ ಹೋಗುತ್ತದೆ. ಕಾದರೆ ತಾನಾಗಿ ಆರುತ್ತದೆ.

ಡಿಕ್ಕಿಯನ್ನು ನಾನು ಟ್ರೈಪಾಡ್, ಮಳೆಯಂಗಿ, ಹೆಚ್ಚುವರಿ ಲೆನ್ಸುಗಳಿಗೆ ಮೀಸಲಿಟ್ಟಿದ್ದೇನೆ. ಟ್ರೈಪಾಡ್ ತಳದಲ್ಲಿ, ಅಡ್ಡಡ್ಡವಾಗಿ ಇರಬೇಕು. ಬ್ಯಾಗಿನ ಮೇಲೆ ಇಟ್ಟರೆ ಅದೇ ಸುತ್ತಿಗೆಯಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಇದ್ದರೆ ಅದರ ಕೆಳಗೆ ಜಾರದ ಚಾಪೆ ಬೇಕು.

ಕಳವಿನ ದೃಷ್ಟಿಯಿಂದ ಮಾತ್ರ ಡಿಕ್ಕಿಗೆ ಮೇಲುಗೈ ಇದೆ. ಕ್ಯಾಮೆರಾವನ್ನು ಕಾರಿನಲ್ಲೇ ಬಿಟ್ಟು ಹೋಗಲೇಬೇಕಾದ ಜಾಗವಿದ್ದರೆ, ಅಲ್ಲಿಗೆ ತಲುಪುವ ಮೊದಲೇ, ಹಿಂದಿನ ನಿಲುಗಡೆಯಲ್ಲೇ ಬ್ಯಾಗನ್ನು ಡಿಕ್ಕಿಗೆ ಹಾಕಿಬಿಡಿ. ಕಾರು ನಿಲ್ಲಿಸಿದ ಮೇಲೆ ಎಲ್ಲರೆದುರು ಡಿಕ್ಕಿಗೆ ಬ್ಯಾಗು ತುಂಬಿ ನಡೆದುಹೋದರೆ, ನೋಡುತ್ತಿರುವವನಿಗೆ ಬೆಲೆಬಾಳುವುದು ಎಲ್ಲಿದೆ ಎಂದು ನೀವೇ ತೋರಿಸಿಕೊಟ್ಟಂತೆ. ಕ್ಯಾಮೆರಾ ಮತ್ತು ಲೆನ್ಸುಗಳ ಕ್ರಮಸಂಖ್ಯೆಗಳ ಫೋಟೊ ತೆಗೆದು ಫೋನಿನಲ್ಲಿಡಿ. ತುಂಬಿದ ಮೆಮೊರಿ ಕಾರ್ಡುಗಳು ನಿಮ್ಮ ಜೇಬಿನಲ್ಲಿರಲಿ. ಕಾರಿನ ವಿಮೆ ಸಾಮಾನ್ಯವಾಗಿ ಒಳಗಿಟ್ಟ ಸಾಮಾನಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ನಿಮ್ಮ ಪಾಲಿಸಿಯನ್ನು ಒಮ್ಮೆ ಓದಿ ನೋಡಿ.

ಕೊನೆಯದಾಗಿ, ನಿಲುಗಡೆಯಲ್ಲಿ ಕಾರಿನ ಮಾಡಿನ ಮೇಲೆ, ಬಾನೆಟ್ಟಿನ ಮೇಲೆ ಏನನ್ನೂ ಇಡಬೇಡಿ, ಲೆನ್ಸಿನ ಹಿಂದಿನ ಕ್ಯಾಪನ್ನೂ ಸಹ. ಬೆಳಕು ಓಡಿಹೋಗುತ್ತಿರುವಾಗ ಮುಂದಿನ ಜಾಗಕ್ಕೆ ಹೊರಡುವ ಆತುರದಲ್ಲಿ ಅದು ಅಲ್ಲಿರುವುದು ನೆನಪಾಗುವುದಿಲ್ಲ. ನಾನು ಗಾಡಿ ಚಾಲೂ ಮಾಡುವ ಮೊದಲು ಹಿಂದಕ್ಕೆ ತಿರುಗಿ ಬ್ಯಾಗಿನ ಜಿಪ್ಪನ್ನು ಕೈಯಿಂದ ಮುಟ್ಟಿ ನೋಡುತ್ತೇನೆ, ಆಮೇಲಷ್ಟೇ ಕೀಲಿ ತಿರುಗಿಸುತ್ತೇನೆ. ನಿಮ್ಮ ಕಾರಿನ ಹಿಂಬದಿಯ ತಗ್ಗು ಎಷ್ಟು ಅಗಲವಿದೆ, ಬ್ಯಾಗಿನ ಅಳತೆ ಎಷ್ಟು ಎಂಬುದನ್ನು ತಿಳಿಸಿದರೆ, ಒಳಗಿನ ಗೂಡುಗಳನ್ನು ಹೇಗೆ ಜೋಡಿಸಬಹುದು ಎಂದು ಇನ್ನಷ್ಟು ನಿಖರವಾಗಿ ಹೇಳುತ್ತೇನೆ.