ಮೀಟಿಂಗ್ ರೂಮಿಗೆ ಪಾಲಿಕಾಮ್ ಸೌಂಡ್‌ಸ್ಟೇಷನ್ ಐಪಿ 6000 ಕಾನ್ಫರೆನ್ಸ್ ಫೋನ್ ತಂದಿದ್ದೇವೆ. ಸೆಟಪ್ ಮಾಡುವುದು ಹೇಗೆ?

ಮೊದಲು ಕರೆಂಟಿನ ವಿಚಾರ. ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಕೊಡುವ ಸೌಲಭ್ಯ) ಇರುವ ನೆಟ್‌ವರ್ಕ್ ಸ್ವಿಚ್ಚಿಗೆ ನೆಟ್‌ವರ್ಕ್ ಕೇಬಲ್ ಹಾಕಿದರೆ ಅದರಲ್ಲೇ ಕರೆಂಟೂ ಬರುತ್ತದೆ, ಬೇರೆ ಅಡಾಪ್ಟರ್ ಬೇಡ. ಸ್ವಿಚ್ ಮಾಮೂಲಿಯದಾದರೆ ಕೇಬಲಿಗೆ ಕರೆಂಟ್ ಸೇರಿಸುವ ಒಂದು ಪಿಒಇ ಇಂಜೆಕ್ಟರ್ ಕೊಳ್ಳಿ.

ಫೋನ್ ಆನ್ ಆದ ಮೇಲೆ ಮೆನು, ಸ್ಟೇಟಸ್, ನೆಟ್‌ವರ್ಕ್ ಒಳಗೆ ಹೋದರೆ ಐಪಿ ವಿಳಾಸ ಸಿಗುತ್ತದೆ. ಅದನ್ನು ಕಂಪ್ಯೂಟರಿನ ಬ್ರೌಸರಿಗೆ ಹಾಕಿ. ಕಂಪನಿಯಿಂದ ಬರುವಾಗಿನ ಅಡ್ಮಿನ್ ಪಾಸ್‌ವರ್ಡ್ 456. ಕೂಡಲೇ ಬದಲಿಸಿ, ಪಾಲಿಕಾಮ್ ಮುಟ್ಟಿದವರಿಗೆಲ್ಲ ಅದು ಬಾಯಿಪಾಠ.

ಲೈನ್ ಪುಟದಲ್ಲಿ ಎಕ್ಸ್‌ಟೆನ್ಷನ್ ನಂಬರ್, ಆಥ್ ಯೂಸರ್ ಐಡಿ (ಖಾತೆಯ ಲಾಗಿನ್ ಹೆಸರು), ಪಾಸ್‌ವರ್ಡ್, ಎಸ್‌ಐಪಿ ಸರ್ವರಿನ (ನೆಟ್‌ವರ್ಕ್ ಮೂಲಕ ಕರೆಗಳನ್ನು ಜೋಡಿಸುವ ಕಂಪ್ಯೂಟರ್) ವಿಳಾಸ ತುಂಬಿ. ಪೋರ್ಟ್ ಸಾಮಾನ್ಯವಾಗಿ 5060. ಇಲ್ಲಿ ಕೇಳುವುದು ಎಸ್‌ಐಪಿ ಖಾತೆಯ ಪಾಸ್‌ವರ್ಡ್. ವಾಯ್ಸ್‌ಮೇಲ್ ಪಿನ್ ಹಾಕಿ ‘ರಿಜಿಸ್ಟರ್ ಆಗ್ತಿಲ್ಲ’ ಎಂದು ತಲೆ ಕೆಡಿಸಿಕೊಳ್ಳುವವರೇ ಹೆಚ್ಚು.

ರಿಂಗ್ ಆಗುತ್ತದೆ, ಆದರೆ ಒಂದು ಕಡೆಯ ಮಾತು ಮಾತ್ರ ಕೇಳುತ್ತದೆ ಎಂದಾದರೆ ಫೋನನ್ನು ಬೈಯಬೇಡಿ. ಸರ್ವರ್ ಆಫೀಸಿನ ಹೊರಗಿದ್ದರೆ ರೂಟರಿನಲ್ಲಿ ಎಸ್‌ಐಪಿ ಎಎಲ್‌ಜಿ ಆಫ್ ಮಾಡಿ ನೋಡಿ. ಕರೆಯ ಸಂದೇಶದೊಳಗಿನ ವಿಳಾಸಗಳನ್ನು ತಿದ್ದಿ ಸಹಾಯ ಮಾಡಲೆಂದು ಇಟ್ಟಿರುವ ಸೌಲಭ್ಯ ಅದು. ಎಷ್ಟೋ ರೂಟರುಗಳಲ್ಲಿ ತಪ್ಪಾಗಿ ತಿದ್ದಿ ಧ್ವನಿಯನ್ನು ಬೇರೆಲ್ಲಿಗೋ ಕಳಿಸುತ್ತದೆ.

ಫೋನನ್ನು ಪ್ರೊಜೆಕ್ಟರ್ ಪಕ್ಕ ಮಾತ್ರ ಇಡಬೇಡಿ. ಅತ್ತ ಕಡೆಯವರಿಗೆ ಫ್ಯಾನಿನ ಗುಯ್‌ಗುಡುವಿಕೆಯೇ ಕೇಳುತ್ತದೆ.