ಗರಿಕೆ ಇರುವ ಅಂಗಳದಲ್ಲಿ ಪೆಲೆಟ್ ಎಷ್ಟು ಬೇಕು?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಅಮೆರಿಕದ ಫೀನಿಕ್ಸ್ ನಗರದಲ್ಲಿದ್ದೇವೆ. ಮಗಳು ಹಟ ಹಿಡಿದಳೆಂದು ಮೂರು ವರ್ಷದ ಹಿಂದೆ ಸುಲ್ಕಾಟಾ ಜಾತಿಯ ಆಮೆಮರಿಯನ್ನು ತಂದೆವು. ಗುಂಡ ಎಂದು ಹೆಸರಿಟ್ಟಿದ್ದೇವೆ. ಈಗ ಎರಡು ಕಿಲೋ ಇದ್ದಾನೆ. ಬೆಳಿಗ್ಗೆ ಒಂದು ಹಿಡಿ ಪೆಲೆಟ್ (ಆಮೆಗೆಂದು ಅಂಗಡಿಯಲ್ಲಿ ಮಾರುವ ಒಣ ಗುಳಿಗೆ ಆಹಾರ), ಸಂಜೆ ಲೆಟ್ಯೂಸ್ ಸೊಪ್ಪು ಹಾಕುತ್ತೇನೆ. ಪೆಲೆಟ್ ಒಂದಿದ್ದರೆ ಬೇರೇನೂ ಬೇಡ ಎಂದು ಅಂಗಡಿಯವರು ಹೇಳಿದ್ದರು. ಈಗ ಅವನು ಹುಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಚಿಪ್ಪಿನ ಮೇಲೆ ಸಣ್ಣ ಗೋಪುರಗಳಂತೆ ಉಬ್ಬು ಕಾಣುತ್ತಿದೆ. ಪೆಲೆಟ್‌ನ ಪ್ರೋಟೀನ್‌ನಿಂದಲೇ ಹೀಗಾಯಿತು, ಪೂರ್ತಿ ನಿಲ್ಲಿಸಿ ಎಂದು ಗೆಳತಿ ಹೇಳುತ್ತಾಳೆ. ಯಾರ ಮಾತು ಕೇಳಲಿ?
– ಓದುಗರು, ಫೀನಿಕ್ಸ್

ಉತ್ತರ: ತಾಯೀ, ಪೆಲೆಟ್ ವಿಷವಲ್ಲ. ಅದೇ ಊಟವೂ ಅಲ್ಲ. ನಮ್ಮ ಕಡೆ ಹಸುವಿಗೆ ಹಿಂಡಿ, ಬೂಸಾ ಇಡುತ್ತೇವಲ್ಲ, ಆಮೆಗೆ ಪೆಲೆಟ್ ಹಾಗೆ. ಮೂವತ್ತು ವರ್ಷ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಪಶುವೈದ್ಯನಾಗಿ ಅಲೆದಿದ್ದೇನೆ. ಹುಲ್ಲು ಕಡಿಮೆ ಮಾಡಿ ಹಿಂಡಿ ಸುರಿದ ಕೊಟ್ಟಿಗೆಗಳಲ್ಲಿ ಹಸುವಿನ ಹೊಟ್ಟೆ ಕೆಟ್ಟು, ಕಾಲು ನೋವು ಬಂದು ಮಲಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಮೇವು ಮೊದಲು, ಹಿಂಡಿ ಆಮೇಲೆ. ಗುಂಡನಿಗೂ ಈ ಮಾತು ಸಲ್ಲುತ್ತದೆ.

ಸುಲ್ಕಾಟಾ ಆಮೆಯ ತವರು ಆಫ್ರಿಕಾದಲ್ಲಿ, ಸಹಾರಾ ಮರುಭೂಮಿಯ ದಕ್ಷಿಣದ ಅಂಚು. ಅಲ್ಲಿ ಅದು ತಿನ್ನುವುದು ಹೆಚ್ಚಾಗಿ ಒರಟು ಹುಲ್ಲು. ಕುದುರೆಯಂತೆ ಅದಕ್ಕೂ ನಾರು ಹುದುಗುವುದು ದೊಡ್ಡ ಕರುಳಿನಲ್ಲಿ. ಅಲ್ಲಿರುವ ಸೂಕ್ಷ್ಮಜೀವಿಗಳಿಗೆ ಉದ್ದನೆಯ ನಾರು ಬೇಕು. ನುಣ್ಣಗೆ ಬೀಸಿ ಗುಳಿಗೆ ಮಾಡಿದ ಆಹಾರದಲ್ಲಿ ನಾರಿನ ಅಂಶ ಇದ್ದರೂ ಆ ಉದ್ದ ಇರುವುದಿಲ್ಲ. ಕಚ್ಚಿ ಕತ್ತರಿಸುವ ಕೆಲಸವಿಲ್ಲದೆ ಆಮೆ ಬೇಗ ತಿಂದು ಮುಗಿಸುತ್ತದೆ, ಮತ್ತೆ ಅದನ್ನೇ ಬಯಸುತ್ತದೆ. ನಿಮ್ಮ ಗುಂಡ ಹುಲ್ಲು ಬಿಟ್ಟದ್ದು ಹೀಗೆ.

ಹಾಗೆಂದು ಚೀಲವನ್ನು ಎಸೆಯಬೇಡಿ. ಬರೀ ಲೆಟ್ಯೂಸ್ ಮೇಲೆ ಬೆಳೆದ ಆಮೆಗೆ ಸುಣ್ಣದ ಅಂಶವೂ ನಾರೂ ಸಾಲುವುದಿಲ್ಲ. ಒಳ್ಳೆಯ ಪೆಲೆಟ್‌ನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಹದವಾಗಿ ಬೆರೆತಿರುತ್ತವೆ, ಜೀವಸತ್ವಗಳಿರುತ್ತವೆ. ನಿಮ್ಮದೇ ರಾಜ್ಯದ ಟೂಸಾನ್ ನಗರದಲ್ಲಿರುವ ಮಗನ ಮನೆಯಲ್ಲಿ ನಾನು ಎರಡು ಚಳಿಗಾಲ ಕಳೆದಿದ್ದೇನೆ. ಪಕ್ಕದ ಮನೆಯಲ್ಲಿ ನಲವತ್ತು ಕಿಲೋದ ಗಂಡು ಸುಲ್ಕಾಟಾ ಇತ್ತು. ಡಿಸೆಂಬರಿನಲ್ಲಿ ಅಂಗಳದ ಹುಲ್ಲು ಕಂದಿ ಹೋದಾಗ ಆ ಮನೆಯಾಕೆ ಒಣಹುಲ್ಲನ್ನು ಕತ್ತರಿಸಿ ನೆನೆಸಿ, ಅದಕ್ಕೆ ಒಂದು ಹಿಡಿ ಪೆಲೆಟ್ ಹಿಸುಕಿ ಕಲಸಿ ಕೊಡುತ್ತಿದ್ದರು. ಈ ಜಾತಿಯ ಆಮೆ ಚಳಿನಿದ್ರೆ ಮಾಡುವುದಿಲ್ಲವಾದ್ದರಿಂದ ಅದರ ಗುಡಿಸಲನ್ನು ಬೆಚ್ಚಗಿಟ್ಟಿದ್ದರು. ಮೈ ತಣ್ಣಗಿದ್ದರೆ ತಿಂದದ್ದು ಅರಗುವುದಿಲ್ಲ. ಪೆಲೆಟ್ ಬಳಸುವ ಸರಿಯಾದ ರೀತಿಯನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿಯೇ.

ಇನ್ನೊಂದು ಸಂತೋಷದ ಮಾತು. ನಿಮ್ಮ ಊರಿನ ಅಂಗಳಗಳಲ್ಲಿ ಬರ್ಮುಡಾ ಹುಲ್ಲು ಎಂದು ಬೆಳೆಸುತ್ತಾರಲ್ಲ, ಅದು ಬೇರೇನೂ ಅಲ್ಲ, ನಾವು ಗಣಪತಿಗೆ ಏರಿಸುವ ಗರಿಕೆಯೇ. ಸುಲ್ಕಾಟಾಕ್ಕೆ ಅದು ಬಹಳ ಒಳ್ಳೆಯ ಮೇವು. ಕಳೆನಾಶಕ, ಕೀಟನಾಶಕ ಹಾಕದ ಜಾಗ ನೋಡಿ ಗುಂಡನನ್ನು ಬಿಡಿ. ಪಾಪಾಸುಕಳ್ಳಿಯ ಹಾಳೆಗಳನ್ನು ಮುಳ್ಳು ತೆಗೆದು ಕೊಡಿ, ಸುಣ್ಣವೂ ನೀರೂ ಅದರಲ್ಲಿವೆ. ಹಿಪ್ಪುನೇರಳೆ ಸೊಪ್ಪು ಸಿಕ್ಕರೆ ಬಿಡಬೇಡಿ. ರೇಷ್ಮೆ ಹುಳು ಸಾಕುವ ಊರಿನಲ್ಲಿ ಹುಟ್ಟಿದವನಾಗಿ ಆ ಎಲೆಯ ಮೇಲೆ ನನಗೆ ತುಂಬಾ ವಿಶ್ವಾಸ. ದಾಸವಾಳದ ಎಲೆ, ಹೂವು ಎರಡೂ ಆಗುತ್ತವೆ. ಹಣ್ಣು ಬೇಡ, ಅದರ ಸಕ್ಕರೆ ಕರುಳಿನ ಹುದುಗುವಿಕೆಯನ್ನು ಕೆಡಿಸುತ್ತದೆ. ನಾಯಿ, ಬೆಕ್ಕಿನ ಆಹಾರವನ್ನಂತೂ ಮುಟ್ಟಿಸಲೇಬೇಡಿ.

ಪೆಲೆಟ್‌ನ ಲೆಕ್ಕ ಕೇಳಿದರೆ, ನೆನೆಸಿದ ಮೇಲೆ ಗುಂಡನ ತಲೆಯಷ್ಟು ದೊಡ್ಡ ಉಂಡೆ, ವಾರಕ್ಕೆ ಎರಡು ಸಲ. ಒಣಗಿದ್ದನ್ನು ಹಾಗೆಯೇ ಕೊಡಬೇಡಿ. ನೀರಿನಲ್ಲಿ ಮೆತ್ತಗಾಗಲಿ, ಆ ನೀರೂ ಅವನ ಹೊಟ್ಟೆಗೆ ಹೋಗಲಿ. ನಿಮ್ಮ ಊರಿನ ಒಣಹವೆಯಲ್ಲಿ ನೀರು ಸಾಲದೆ ಮೂತ್ರಕೋಶದಲ್ಲಿ ಕಲ್ಲು ಕಟ್ಟಿದ ಆಮೆಗಳು ಕಡಿಮೆಯೇನಿಲ್ಲ. ತಿಂದು ಉಳಿದದ್ದನ್ನು ಒಂದೆರಡು ಗಂಟೆಯಲ್ಲಿ ತೆಗೆಯಿರಿ, ಬೇಸಿಗೆಯಲ್ಲಿ ಬೇಗ ಹುಳಿಯುತ್ತದೆ. ಚೀಲದ ಹಿಂದೆ ಬರೆದಿರುವ ನಾರಿನ ಅಂಕಿ ಪ್ರೋಟೀನ್‌ನ ಅಂಕಿಗಿಂತ ಹೆಚ್ಚಿರುವುದನ್ನು ಆರಿಸಿ. ಚೀಲವನ್ನು ಕಾರು ನಿಲ್ಲಿಸುವ ಕೋಣೆಯಲ್ಲಿ ಇಟ್ಟಿದ್ದರೆ ಇಂದೇ ಮನೆಯೊಳಗೆ ತನ್ನಿ. ಆ ಸೆಕೆಗೆ ಜೀವಸತ್ವಗಳು ಉಳಿಯುವುದಿಲ್ಲ.

ಅಭ್ಯಾಸ ಬಿಡಿಸಲು ತಾಳ್ಮೆ ಬೇಕು. ನೆನೆದ ಪೆಲೆಟ್ ಅನ್ನು ಗಂಜಿಯಂತೆ ಹಿಸುಕಿ, ಸಣ್ಣಗೆ ಕತ್ತರಿಸಿದ ಗರಿಕೆಗೆ ಸವರಿ ಬೆಳಿಗ್ಗೆ ಇಡಿ. ವಾರ ಕಳೆದಂತೆ ಗಂಜಿ ಕಡಿಮೆ ಮಾಡಿ, ಹುಲ್ಲನ್ನು ಉದ್ದಕ್ಕೆ ಕತ್ತರಿಸಿ. ಮೊದಲ ಎರಡು ಮೂರು ದಿನ ಅವನು ಮುನಿಸಿಕೊಂಡು ತಿನ್ನದೇ ಇರಬಹುದು. ಆರೋಗ್ಯವಂತ ಆಮೆಗೆ ಅದರಿಂದ ಅಪಾಯವಿಲ್ಲ. ಆ ದಿನಗಳಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ, ನೀರು ಗಲ್ಲಕ್ಕಿಂತ ಕೆಳಗಿರಲಿ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಲೇ ಹೋದರೆ, ಮಂಕಾದರೆ, ಸರೀಸೃಪಗಳನ್ನು ಬಲ್ಲ ವೈದ್ಯರಿಗೆ ತೋರಿಸಿ.

ಇನ್ನು ಚಿಪ್ಪಿನ ಉಬ್ಬು. ಗೆಳತಿಯ ಮಾತು ಬಹಳ ಕಾಲದಿಂದ ಜನ ನಂಬಿದ್ದೇ. ಆದರೆ 2003ರಲ್ಲಿ ಪ್ರಕಟವಾದ ವಿಯೆನ್ನಾದ ಸಂಶೋಧನೆ ಇದೇ ಸುಲ್ಕಾಟಾ ಮರಿಗಳನ್ನು ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಬೆಳೆಸಿ ನೋಡಿತು. ಒಣಹವೆಯಲ್ಲಿ ಬೆಳೆದ ಮರಿಗಳಿಗೇ ಉಬ್ಬು ಹೆಚ್ಚು ಬಂದಿತ್ತು. ಪ್ರೋಟೀನ್‌ನ ಪ್ರಭಾವ ಅಲ್ಪ. ಗುಂಡ ಮಲಗುವ ಪೆಟ್ಟಿಗೆಯೊಳಗೆ ಮಣ್ಣನ್ನು ಸದಾ ತೇವವಾಗಿಡಿ, ಬೆಚ್ಚಗೂ ಇಡಿ. ಈಗಿರುವ ಉಬ್ಬು ಇಳಿಯುವುದಿಲ್ಲ, ಹೊಸದಾಗಿ ಬೆಳೆಯುವ ಚಿಪ್ಪು ಸಮವಾಗಿ ಬರುತ್ತದೆ.

ಪ್ರಶ್ನೆ: ಹತ್ತು ದಿನದ ಹಿಂದೆ ನಮ್ಮ ಮಾವಿನ ತೋಪಿನಲ್ಲಿ ನಕ್ಷತ್ರ ಆಮೆಯೊಂದು ಸಿಕ್ಕಿತು. ಮನೆಗೆ ಒಳ್ಳೆಯದೆಂದು ಮಗ ತಂದಿಟ್ಟಿದ್ದಾನೆ. ಅಕ್ವೇರಿಯಂ ಅಂಗಡಿಯ ಪೆಲೆಟ್ ಹಾಕಬಹುದೇ?
– ಓದುಗರು, ಶ್ರೀನಿವಾಸಪುರ

ಉತ್ತರ: ಬೇಡ. ನೀರಿನ ಆಮೆಗೆಂದು ಮಾಡಿದ ಆ ಗುಳಿಗೆಗಳಲ್ಲಿ ಮೀನಿನ ಪುಡಿ ಇರುತ್ತದೆ, ಹುಲ್ಲು ತಿನ್ನುವ ಪ್ರಾಣಿಗೆ ಅದು ತಕ್ಕುದಲ್ಲ. ಅದಕ್ಕಿಂತ ಮುಖ್ಯವಾಗಿ, ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದೃಷ್ಟ ತರುತ್ತದೆ ಎಂಬ ನಂಬಿಕೆಯಿಂದಲೇ ಈ ಆಮೆಗಳನ್ನು ನಮ್ಮ ಹೊಲಗಳಿಂದ ಮೂಟೆಗಟ್ಟಲೆ ಹೊತ್ತು ಸಾಗಿಸಿದ್ದಾರೆ. ನೆನೆದರೆ ಹೊಟ್ಟೆ ಉರಿಯುತ್ತದೆ. ವಲಯ ಅರಣ್ಯಾಧಿಕಾರಿಯ ಕಚೇರಿಗೆ ಇಂದೇ ಫೋನ್ ಮಾಡಿ, ತೋಪಿನಲ್ಲಿ ಸಿಕ್ಕಿದ ಜಾಗವನ್ನು ಸರಿಯಾಗಿ ತಿಳಿಸಿ. ಅದನ್ನು ಎಲ್ಲಿ ಬಿಡಬೇಕೆಂಬುದನ್ನು ಅವರೇ ನಿರ್ಧರಿಸಲಿ. ಅವರು ಬರುವವರೆಗೆ ನೆರಳಿನಲ್ಲಿಟ್ಟು, ಅಗಲವಾದ ತಟ್ಟೆಯಲ್ಲಿ ತೆಳುವಾಗಿ ನೀರು ಹಾಕಿ, ಒಂದು ಹಿಡಿ ಗರಿಕೆ ಇಡಿ. ಮಗನನ್ನೂ ಜೊತೆಯಲ್ಲಿ ನಿಲ್ಲಿಸಿಕೊಂಡು ಅವನ ಕೈಯಿಂದಲೇ ಒಪ್ಪಿಸಿ.